ವೇಗವರ್ಧಕದ ಮುಪ್ಪು

ಮಲೆಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನತ್ತ ಇಳಿಯುವ ದಾರಿಯಲ್ಲಿ, ಪಾಲಾರ್ ಹೊಳೆಯು ಕಾವೇರಿಯನ್ನು ಕೂಡುವ ಗಡಿಸೀಮೆಯ ಆಸುಪಾಸಿನಲ್ಲಿ, ಮುಸುಕಿನ ಜೋಳದ ಬುಡಕ್ಕೆ ಹಿಡಿ ಯೂರಿಯಾ ಚೆಲ್ಲುವ ರೈತನ ಕೈಗೆ ಆ ಬಿಳಿಯ ಹರಳು ಬರುವ ಮುನ್ನ ಎಂತಹ ಉಗ್ರ ತಾಪವನ್ನು ಹಾದುಬಂದಿರುತ್ತದೆಂಬುದು ನಮ್ಮಲ್ಲಿ ಬಹುಮಂದಿಗೆ ಅಗೋಚರವಾಗಿಯೇ ಉಳಿದಿದೆ.

ಕರ್ನಾಟಕದಲ್ಲಿ ಯೂರಿಯಾ ತಯಾರಿಸುವ ವಿದ್ಯೆಯ ನೆಲೆ ಮಂಗಳೂರಿನ ಪಣಂಬೂರು. 1976ರಲ್ಲಿ ಉತ್ಪಾದನೆಗೆ ತೊಡಗಿದ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯು ಬಹುಕಾಲ ನಾಫ್ತಾವನ್ನೂ, ಈಚೆಗೆ, 2021ರ ಜನವರಿಯಲ್ಲಿ ಲೋಕಾರ್ಪಣೆಗೊಂಡ ಕೊಚ್ಚಿ–ಮಂಗಳೂರು ಕೊಳವೆಮಾರ್ಗದ ನೈಸರ್ಗಿಕ ಅನಿಲವನ್ನೂ ಮೂಲದ್ರವ್ಯವಾಗಿ ಬಳಸಿ ಅಮೋನಿಯಾವನ್ನೂ ಅದರಿಂದ ಯೂರಿಯಾವನ್ನೂ ತಯಾರಿಸುತ್ತ ಬಂದಿದೆ. ಇಂತಹ ಕಾರ್ಖಾನೆಗಳಲ್ಲಿ ನಿಕ್ಕಲ್, ತಾಮ್ರ, ಕಬ್ಬಿಣಗಳು ವೇಗವರ್ಧಕಗಳಾಗಿ ದುಡಿಯುತ್ತವೆ. ತಾವು ವ್ಯಯವಾಗದೆ ಕ್ರಿಯೆಯನ್ನು ತ್ವರಿತಗೊಳಿಸುವುದೇ ಅವುಗಳ ಧರ್ಮ. ಆದರೂ ಅವುಗಳಿಗೆ ಮುಪ್ಪು ತಪ್ಪಿದ್ದಲ್ಲ.

ಗಂಧಕ, ಕ್ಲೋರಿನ್‌ಗಳ ವಿಷ ತಗುಲಿ ಸೋಲುವುದು ಒಂದು ಬಗೆ. ತಾಪದಿಂದ ಬರುವ ಮುಪ್ಪಾದರೋ ಅದಕ್ಕಿಂತ ಗೂಢವಾದುದು. ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರವಾದುದರಿಂದ, ಅಲ್ಪ ಲೋಹದಲ್ಲಿ ವಿಪುಲ ಮೇಲ್ಮೈ ದೊರೆಯಲೆಂದು ಅದನ್ನು ಅತಿಸೂಕ್ಷ್ಮ ಕಣಗಳಾಗಿ ಹರಡಿರುತ್ತಾರೆ. ತಾಪವೇರಿದಾಗ ಆ ಕಣಗಳು, ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳಂತೆ, ಒಂದನ್ನೊಂದು ಕೂಡಿಕೊಂಡು ದೊಡ್ಡವಾಗುತ್ತವೆ. ತೂಕ ಒಂದಿನಿತೂ ಕುಗ್ಗದು. ಮೇಲ್ಮೈ ಮಾತ್ರ ಕುಗ್ಗುತ್ತದೆ. ತಜ್ಞರು ಇದನ್ನು ಸಿಂಟರಿಂಗ್ ಎನ್ನುತ್ತಾರೆ.

ಲೋಹ ಕರಗುವ ತಾಪಮಾನವನ್ನು ಕೆಲ್ವಿನ್ ಮಾನದಲ್ಲಿ ಅರ್ಧಿಸಿದರೆ ಅದರ ಪರಮಾಣುಗಳು ಒಳಗೂ ಚಲಿಸತೊಡಗುವ ಎಲ್ಲೆ ಸುಮಾರಾಗಿ ದೊರೆಯುತ್ತದೆ. ಆ ಎಲ್ಲೆಗೆ ರಸಾಯನವಿಜ್ಞಾನಿ ಗುಸ್ತಾಫ್ ತಮ್ಮಾನ್‌ನ ಹೆಸರಿದೆ. ತಾಮ್ರಕ್ಕೆ ಅದು ಸುಮಾರು 400 ಡಿಗ್ರಿ ಸೆಲ್ಸಿಯಸ್, ನಿಕ್ಕಲ್ಲಿಗೆ 590, ಕಬ್ಬಿಣಕ್ಕೆ 630. ಮೇಲ್ಮೈಯ ಪರಮಾಣುಗಳಾದರೋ ಇದಕ್ಕೂ ಬಹು ಮೊದಲೇ ಅಲುಗಾಡುವವು. ಆದುದರಿಂದ ತಾಮ್ರದ ವೇಗವರ್ಧಕವನ್ನು 200ರಿಂದ 250 ಡಿಗ್ರಿಯ ಆಸುಪಾಸಿನಲ್ಲಿಯೇ ಜೋಪಾನ ಮಾಡಬೇಕು. ಮೂಲದ್ರವ್ಯವನ್ನು ಹಬೆಯೊಡನೆ ಒಡೆದು ಜಲಜನಕ ಪಡೆಯುವ ರಿಫಾರ್ಮರಿನ ನಿಕ್ಕಲ್ ಮಾತ್ರ ಆ ಹಬೆಯ ನಡುವೆ, 800 ಡಿಗ್ರಿಯವರೆಗಿನ ತಾಪದಲ್ಲಿ, ತನ್ನ ಎಲ್ಲೆಯನ್ನು ಮೀರಿಯೇ ದುಡಿಯುತ್ತದೆ. ಅದನ್ನು ಹೊತ್ತ ಅಲ್ಯೂಮಿನಾದಂತಹ ತಾಪಸಹ ಆಧಾರವಿಲ್ಲದಿದ್ದರೆ ಅದು ಬಹುಕಾಲ ಬಾಳದು.

ಕಬ್ಬಿಣದ ಕಥೆ ನನಗೆ ಅತ್ಯಂತ ಪ್ರಿಯವಾದುದು. ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯಲ್ಲಿ ಆಲ್ವಿನ್ ಮಿಟ್ಟಾಷ್ ಮತ್ತು ಸಂಗಡಿಗರು 1909ರಿಂದ ಅಮೋನಿಯಾ ತಯಾರಿಕೆಗಾಗಿ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿ, ಕಬ್ಬಿಣಕ್ಕೆ ತುಸು ಅಲ್ಯೂಮಿನಾ, ತುಸು ಪೊಟ್ಯಾಸಿಯಂ ಬೆರೆಸಿದರೆ ಅದು ದೀರ್ಘಾಯುವಾಗುವುದೆಂದು ಕಂಡರು. 1913ರಲ್ಲಿ ಓಪ್ಪೌದಲ್ಲಿ ಆ ಸಂಸ್ಥೆಯ ಅಮೋನಿಯಾ ಕಾರ್ಖಾನೆ ನಡೆಯತೊಡಗಿತು. ಕಣಗಳ ನಡುವೆ ಅಡ್ಡನಿಂತು ಅವುಗಳ ಕೂಡಿಕೆಯನ್ನು ತಡೆಯುವ ಆ ಅಲ್ಯೂಮಿನಾದ ಉಪಕಾರದಿಂದ ಕಬ್ಬಿಣದ ವೇಗವರ್ಧಕವು ಇಂದಿಗೂ ಹತ್ತು ವರ್ಷಕ್ಕೂ ಮೀರಿ ದುಡಿಯಬಲ್ಲುದು.

ವೇಗವರ್ಧಕದ ಚಟುವಟಿಕೆ ಇಳಿದಂತೆ ಉತ್ಪಾದನೆಯನ್ನು ಕಾಯ್ದುಕೊಳ್ಳಲು ಒಳಬರುವ ಅನಿಲದ ತಾಪವನ್ನು ತುಸುತುಸುವಾಗಿ ಏರಿಸುವುದು ವಾಡಿಕೆ. ಆ ಏರಿಕೆಯೇ ಮುಪ್ಪನ್ನು ಇನ್ನಷ್ಟು ಬೇಗ ಕರೆತರುತ್ತದೆ. ಯಾವ ದಿನ, ಎಷ್ಟು ಡಿಗ್ರಿ ಏರಿಸಬೇಕೆಂಬ ನಿರ್ಣಯದಲ್ಲಿಯೇ ಎಂಜಿನಿಯರನ ನೈಪುಣ್ಯ ಅಡಗಿದೆಯೆಂದು ನಾನು ಭಾವಿಸುತ್ತೇನೆ. ಕಡೆಗೆ ಕಾರ್ಖಾನೆಯನ್ನು ನಿಲ್ಲಿಸಿ, ಗಾಳಿ ಸೋಕಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದಾದ ಹಳೆಯ ವೇಗವರ್ಧಕವನ್ನು ಸಾರಜನಕದ ರಕ್ಷೆಯಲ್ಲಿ ಹೊರತೆಗೆಯುತ್ತಾರೆ. ಅದರೊಳಗಿನ ನಿಕ್ಕಲ್, ತಾಮ್ರಗಳನ್ನು ಬೇರ್ಪಡಿಸಿ ಮರಳಿ ಬಳಕೆಗೆ ತರಲಾಗುತ್ತದೆ.