ಜೆನ್ನೆ: ಮಣ್ಣಿನ ನಗರ, ಮೆತ್ತುವ ಕೈಗಳು

ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ, ನೈಜರ್ ನದಿಯ ಉಪನದಿ ಬಾನಿಯ ನೆರೆಬಯಲಿನಲ್ಲಿ ಜೆನ್ನೆ ಪಟ್ಟಣವಿದೆ. ನೆರೆ ಏರಿದ ತಿಂಗಳುಗಳಲ್ಲಿ ಅದು ನಡುಗಡ್ಡೆಯಾಗುತ್ತದೆ. ಪಕ್ಕದ ಹಳೆಯ ದಿಬ್ಬದಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ಸುಮಾರಿಗೇ ಜನವಸತಿ ಇತ್ತೆಂದು ಉತ್ಖನನಗಳು ತೋರಿಸಿಕೊಟ್ಟಿವೆ. ಸಹಾರಾದ ಗಣಿಗಳ ಉಪ್ಪಿನ ಹಲಗೆಗಳು ಟಿಂಬಕ್ಟುವಿನಿಂದ ದೋಣಿಯೇರಿ ಇಲ್ಲಿಗೆ ಬರುತ್ತಿದ್ದವು. ದಕ್ಷಿಣದ ಕಾಡುಸೀಮೆಯಿಂದ ಚಿನ್ನ, ಕೋಲಾ ಬೀಜ ಬರುತ್ತಿದ್ದವು. ವ್ಯಾಪಾರದ ಬೆನ್ನಿಗೇ ಇಸ್ಲಾಮಿ ವಿದ್ಯೆಯೂ ನೆಲೆಯೂರಿತು. ಸೋಮವಾರದ ಸಂತೆ ಇಂದಿಗೂ ದೊಡ್ಡ ಮಸೀದಿಯ ಮುಂದೆಯೇ ನೆರೆಯುತ್ತದೆ.

ಮಳೆಗೆ ಮುನ್ನ ಮೆತ್ತುವ ಹಬ್ಬ

ಈಗಿನ ಮಸೀದಿ 1907ರ ಹೊತ್ತಿಗೆ, ಫ್ರೆಂಚ್ ಆಳ್ವಿಕೆಯ ಕಾಲದಲ್ಲಿ, ಸ್ಥಳೀಯ ಮೇಸ್ತ್ರಿಗಳ ಕೈಯಲ್ಲಿ ಮತ್ತೆ ಎದ್ದು ನಿಂತದ್ದು. ಇಡೀ ಕಟ್ಟಡ ಬಿಸಿಲಿಗೆ ಒಣಗಿಸಿದ ಇಟ್ಟಿಗೆಯದು. ಒಂದೊಂದು ಮಳೆಗಾಲವೂ ಅದರ ಮೈಯನ್ನು ಒಂದಿಷ್ಟು ಕರಗಿಸುತ್ತದೆ. ಆದ್ದರಿಂದಲೇ ಪ್ರತಿ ವರ್ಷ ಮಳೆಗೆ ಮುನ್ನ ಊರಿಗೆ ಊರೇ ಸೇರುತ್ತದೆ. ಭತ್ತದ ಹೊಟ್ಟು ಬೆರೆಸಿ ವಾರಗಟ್ಟಲೆ ಕೊಳೆಹಾಕಿದ ಮಣ್ಣನ್ನು ಹುಡುಗರು ತುಳಿದು ಹದಮಾಡುತ್ತಾರೆ, ಹೆಂಗಸರು ನೀರು ಹೊರುತ್ತಾರೆ, ಯುವಕರು ಬುಟ್ಟಿ ಹೊತ್ತು ಓಡುತ್ತಾರೆ. ಗೋಡೆಯಿಂದ ಹೊರಚಾಚಿದ ತಾಳೆಮರದ ಕಟ್ಟುಗಳನ್ನೇ ಮೆಟ್ಟಿಲಾಗಿಸಿಕೊಂಡು ಮೇಸ್ತ್ರಿಗಳು ಅಂಗೈಯಿಂದ ಮಣ್ಣನ್ನು ಮೆತ್ತಿ ಸವರುತ್ತಾರೆ. ಅಂದವಾಗಿ ಕಾಣುವ ಆ ಕಟ್ಟುಗಳು ಮೂಲತಃ ಈ ಕೆಲಸದ ಅಟ್ಟಣಿಗೆ ಎಂಬುದು ಗಮನಾರ್ಹ: ದುರಸ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಕಟ್ಟಡವಿದು.

ಕಾಯುವ ಖರ್ಚು ಯಾರದು?

1988ರಲ್ಲಿ ಜೆನ್ನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮನ್ನಣೆಯೊಂದಿಗೆ ಪ್ರವಾಸಿಗರು ಬಂದರು, ನಿರ್ಬಂಧಗಳೂ ಬಂದವು. ಮಸೀದಿಗೆ ಊರಿನ ಬಲವಿದೆ. ಮನೆಗಳ ಗೋಡೆಗೆ ಮಣ್ಣು ಮೆತ್ತಿಸುವ ಖರ್ಚು ಮಾತ್ರ ಆಯಾ ಕುಟುಂಬದ್ದೇ. ಒಳ್ಳೆಯ ಮಣ್ಣು, ಹೊಟ್ಟು, ಮೇಸ್ತ್ರಿಯ ಕೂಲಿ ಎಲ್ಲವೂ ತುಟ್ಟಿ. ಹಾಗಾಗಿ ಕೆಲವರು ಹೊರಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆ ಹೊದಿಸಿದರು. ಬಿಲ್ಲೆಯ ಹಿಂದೆ ತೇವ ಸೇರಿದರೆ ಗೋಡೆಯ ಬಿರುಕು ಕಣ್ಣಿಗೆ ಬೀಳುವುದಿಲ್ಲ, ಬೀದಿಯ ಚಹರೆಯೂ ಕೆಡುತ್ತದೆ ಎಂಬ ಸಂರಕ್ಷಕರ ಆತಂಕ ಸುಳ್ಳಲ್ಲ. ಆದರೆ ವರ್ಷವರ್ಷವೂ ಸೋರುವ ಮನೆಯಲ್ಲಿ ಬದುಕುವವರ ಪಾಲಿಗೆ ಅದು ಅಂದದ ಪ್ರಶ್ನೆಯಲ್ಲ. ಮಧ್ಯ ಮಾಲಿಗೆ ಹಿಂಸಾಚಾರ ಹಬ್ಬಿದ ಮೇಲೆ ಪ್ರವಾಸಿಗರ ದುಡ್ಡೂ ನಿಂತಿತು. 2016ರಲ್ಲಿ ಊರು ಅಪಾಯದಲ್ಲಿರುವ ತಾಣಗಳ ಸಾಲಿಗೆ ಸೇರಿತು.

ಇಲ್ಲಿ ಉಳಿಯಬೇಕಾದದ್ದು ಗೋಡೆಯೊಂದೇ ಅಲ್ಲ, ಅದನ್ನು ಮತ್ತೆ ಮತ್ತೆ ಮೆತ್ತುವ ವಿದ್ಯೆಯೂ ಹೌದು. ಮನೆಯ ರೂಪ ಬದಲಿಸಬೇಡಿ ಎನ್ನುವ ವ್ಯವಸ್ಥೆ ವಾರ್ಷಿಕ ದುರಸ್ತಿಯ ಖರ್ಚಿನಲ್ಲಿ ಪಾಲು ಹೊರಬೇಕು. ಮೇಸ್ತ್ರಿಗಳ ಕೈಕೆಳಗೆ ಕಲಿಯುವ ಹುಡುಗರಿಗೆ ಕೂಲಿ ಸಿಗುವಂತೆ ನೋಡಿಕೊಳ್ಳಬೇಕು. ನಿಷೇಧದ ಮಾತು ಅದರ ನಂತರ ಬರುವುದು ನ್ಯಾಯ.