ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಪಡೆಯೋದು ಹೇಗೆ?

ಸಾಲಕ್ಕೆ ಅರ್ಜಿ ಹಾಕೋ ಮುಂಚೆ ನಿಮ್ಮ ಕ್ರೆಡಿಟ್ ರಿಪೋರ್ಟ್ ನೋಡಿದ್ದೀರಾ? ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಈ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಸ್ಕೋರ್ ಸಮೇತ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಇದು ರಿಸರ್ವ್ ಬ್ಯಾಂಕ್ ನಿಯಮ.

ಕಂಪನಿಯ ಅಧಿಕೃತ ವೆಬ್‌ಸೈಟಿಗೇ ಹೋಗಿ. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್, ಮೊಬೈಲ್ ನಂಬರ್ ಹಾಕಿ, ಬಂದ ಒಟಿಪಿಯನ್ನು ಅಲ್ಲೇ ನಮೂದಿಸಿ. ನಿಮ್ಮ ರಿಪೋರ್ಟನ್ನು ನೀವೇ ನೋಡಿದರೆ ಸ್ಕೋರ್ ಇಳಿಯಲ್ಲ.

ನೀವು ಪಡೆಯದ ಸಾಲ ಕಂಡಿತಾ? ತೀರಿಸಿದ ಸಾಲ ಇನ್ನೂ ಬಾಕಿ ಅಂತ ಇದೆಯಾ? ತಕ್ಷಣ ಆ ಕಂಪನಿಗೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಪಡೆಯೋ ಹಕ್ಕು ನಿಮಗಿದೆ.

ಒಟಿಪಿಯನ್ನು ಮಾತ್ರ ಯಾರಿಗೂ ಹೇಳಬೇಡಿ. ಇವತ್ತೇ ನಿಮ್ಮ ರಿಪೋರ್ಟ್ ತೆಗೆದು ನೋಡಿ, ಮನೆಯವರಿಗೂ ತಿಳಿಸಿ.