ಜೊತೆಗೂಡಿಸುವ ಕಬ್ಬಿಣ, ಮುರಿಯುವ ಕಬ್ಬಿಣ

ಅತಿವಾಹಕತೆಗೆ ಕಬ್ಬಿಣ ಆಗಿಬರುವುದಿಲ್ಲ ಎಂಬುದು ದಶಕಗಳ ಕಾಲ ಭೌತವಿಜ್ಞಾನಿಗಳ ನಂಬಿಕೆಯಾಗಿತ್ತು. ಎಲೆಕ್ಟ್ರಾನುಗಳು ಜೋಡಿಯಾದರಷ್ಟೇ ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುತ್ತದೆ. ಕಾಂತತ್ವ ಆ ಜೋಡಿಯನ್ನು ಮುರಿಯುತ್ತದೆ. ಹೀಗಿರುವಾಗ 2008ರ ಆರಂಭದಲ್ಲಿ ಟೋಕಿಯೊದ ಹಿದೆಯೊ ಹೊಸೊನೊ ತಂಡ, ಲ್ಯಾಂಥನಮ್, ಕಬ್ಬಿಣ, ಆರ್ಸೆನಿಕ್, ಆಮ್ಲಜನಕಗಳ ಸಂಯುಕ್ತಕ್ಕೆ ತುಸು ಫ್ಲೋರಿನ್ ಬೆರೆಸಿ 26 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡಿತು. ಕೆಲವೇ ತಿಂಗಳಲ್ಲಿ ಚೀನಾದ ತಂಡಗಳು ಸಮೇರಿಯಮ್ ಬಳಸಿ 55 ಕೆಲ್ವಿನ್ ಮುಟ್ಟಿದವು.

ದಕ್ಷಿಣ ದೆಹಲಿಯೂ ಆ ಓಟದಲ್ಲಿತ್ತು. ಹೌಜ್ ಖಾಸ್‌ನ ಐಐಟಿಯಲ್ಲಿ ರಸಾಯನವಿಜ್ಞಾನಿ ಅಶೋಕ್ ಗಂಗೂಲಿ ಅವರ ಗುಂಪು ಮಾದರಿ ತಯಾರಿಸುತ್ತಿತ್ತು. ಕೆಲವೇ ಕಿಲೋಮೀಟರ್ ಆಚೆಯ ಜೆಎನ್‌ಯುನಲ್ಲಿ ಸತ್ಯಬ್ರತ ಪಟ್ನಾಯಕ್ ಅವರ ಗುಂಪು ಅದನ್ನು ತಣಿಸಿ ಅಳೆಯುತ್ತಿತ್ತು. 2008ರಲ್ಲೇ ಅವರ ಜಂಟಿ ಪ್ರಬಂಧ ಬಂತು. ಪೊಟ್ಯಾಸಿಯಮ್ ಫ್ಲೋರೈಡ್ ಬೆರೆಸಿದ ಮಾದರಿಯ ಅತಿವಾಹಕತೆಯನ್ನು ಅಳಿಸಲು ಅಗಾಧ ಕಾಂತಕ್ಷೇತ್ರ ಬೇಕು, ಇದರಲ್ಲಿ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಪಟ್ಟಿಗಳ (ಎಲೆಕ್ಟ್ರಾನುಗಳಿಗೆ ಸಾಧ್ಯವಿರುವ ಶಕ್ತಿಗಳ ಶ್ರೇಣಿಗಳ) ಪಾಲಿದೆ ಎಂಬುದು ಅದರ ಸಾರ.

ಹೀಗೆ ಒಂದು ಸಾಲಿನಲ್ಲಿ ಹೇಳಿಬಿಡಬಹುದು. ಮಾಡುವವರ ಪಾಡು ಬೇರೆ. ಆರ್ಸೆನಿಕ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗದೆ ನೇರವಾಗಿ ಆವಿಯಾಗುತ್ತದೆ, ಆ ಆವಿ ವಿಷ. ಪುಡಿಗಳನ್ನು ಗ್ಲೋವ್ ಬಾಕ್ಸ್‌ನೊಳಗೆ ತೂಗಿ, ಅರೆದು, ಬಿಲ್ಲೆಯಾಗಿ ಒತ್ತಬೇಕು. ಅದನ್ನು ಕ್ವಾರ್ಟ್ಸ್ ಕೊಳವೆಗೆ ಹಾಕಿ, ಗಾಳಿಯನ್ನೆಲ್ಲ ಹೊರಗೆಳೆದು, ಕೊಳವೆಯ ಬಾಯನ್ನೇ ಜ್ವಾಲೆಯಲ್ಲಿ ಕರಗಿಸಿ ಮುಚ್ಚಬೇಕು. ಆಮೇಲೆ ಸಾವಿರ ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ದಿನಗಟ್ಟಲೆ ಬೇಯಿಸುವುದು. ಅವಸರದಿಂದ ಬಿಸಿಯೇರಿಸಿದರೆ ಆವಿಯ ಒತ್ತಡಕ್ಕೆ ಕೊಳವೆ ಸಿಡಿಯುತ್ತದೆ. ಎಲ್ಲ ಸರಿಹೋದರೆ ಕೈಗೆ ಸಿಗುವುದು ಬೂದುಗಪ್ಪು ಬಣ್ಣದ ಒಂದು ಪುಟ್ಟ ಬಿಲ್ಲೆ. ಈ ಕೈಕೆಲಸಕ್ಕೆ ಸಿದ್ಧಾಂತಿಗಳಿಗೆ ಸಿಗುವ ಹೆಸರಿನ ಕಾಲುಭಾಗವೂ ಸಿಗುವುದಿಲ್ಲ, ಅದು ನ್ಯಾಯವಲ್ಲ.

ಆ ಬಿಲ್ಲೆಗೆ ಕೇಳುವ ಮುಖ್ಯ ಪ್ರಶ್ನೆ ಶಕ್ತಿಯ ಅಂತರದ್ದು. ಎಲೆಕ್ಟ್ರಾನ್ ಜೋಡಿಯನ್ನು ಒಡೆಯಲು ಬೇಕಾದ ಕನಿಷ್ಠ ಶಕ್ತಿಯ ಅರ್ಧವೇ ಈ ಅಂತರ. ಸೀಸದಲ್ಲಿ ಅದು ಎಲ್ಲ ದಿಕ್ಕಿನಲ್ಲೂ ಬಹುಮಟ್ಟಿಗೆ ಸಮ. ತಾಮ್ರದ ಆಕ್ಸೈಡುಗಳಲ್ಲಿ ಕೆಲವು ದಿಕ್ಕುಗಳಲ್ಲಿ ಸೊನ್ನೆಗಿಳಿಯುತ್ತದೆ. ಕಬ್ಬಿಣದ ಸಂಯುಕ್ತಗಳಲ್ಲಿ ಎಲೆಕ್ಟ್ರಾನುಗಳು ಹಲವು ಪ್ರತ್ಯೇಕ ಪಟ್ಟಿಗಳಲ್ಲಿ ಹಂಚಿಹೋಗಿವೆ, ಎಲ್ಲಕ್ಕೂ ಒಂದೇ ಅಂತರವಿಲ್ಲ. ಪೊಟ್ಯಾಸಿಯಮ್ ಬೆರೆತ ಬೇರಿಯಮ್ ಸಂಯುಕ್ತದಲ್ಲಿ 2008ರಲ್ಲೇ ಎರಡು ಅಂತರ ಕಂಡವು: ಸುಮಾರು 12 ಮತ್ತು 6 ಮಿಲಿ ಎಲೆಕ್ಟ್ರಾನ್ ವೋಲ್ಟ್.

ಇಲ್ಲಿಗೆ ಕಾಂತತ್ವ ಮರಳಿ ಬರುತ್ತದೆ. ಫ್ಲೋರಿನ್ ಬೆರೆಸದ ಮೂಲ ಸಂಯುಕ್ತವನ್ನು ಸುಮಾರು 137 ಕೆಲ್ವಿನ್‌ಗಿಂತ ಕೆಳಗೆ ತಣಿಸಿದರೆ ಅದು ಅತಿವಾಹಕವಾಗುವುದಿಲ್ಲ, ಕಾಂತೀಯ ಶಿಸ್ತಿಗೆ ಬೀಳುತ್ತದೆ. ಒಂದು ಸಾಲಿನ ಕಬ್ಬಿಣದ ಪರಮಾಣುಗಳು ಒಂದು ಕಡೆ ಮುಖಮಾಡಿದರೆ ಪಕ್ಕದ ಸಾಲು ಎದುರು ಕಡೆಗೆ, ಜಮಖಾನೆಯ ಪಟ್ಟೆಗಳಂತೆ. ಬೆರಕೆ ಹೆಚ್ಚಿದಾಗ ಶಿಸ್ತು ಮುರಿಯುತ್ತದೆ, ಅದರ ತುಡಿತ ಮಾತ್ರ ಉಳಿಯುತ್ತದೆ. ಆ ತುಡಿತವೇ ಎಲೆಕ್ಟ್ರಾನುಗಳನ್ನು ಜೋಡಿಸುತ್ತದೆ ಎಂದು ಇಗೋರ್ ಮಾಜಿನ್ ಮತ್ತು ಸಂಗಡಿಗರು ಅದೇ ವರ್ಷ ವಾದಿಸಿದರು. ಹಾಗಿದ್ದರೆ ಎರಡು ಪಟ್ಟಿಗಳ ಅಂತರಗಳಿಗೆ ವಿರುದ್ಧ ಚಿಹ್ನೆ ಇರಬೇಕು: ಒಂದು ಧನ, ಇನ್ನೊಂದು ಋಣ (ಇದು ಜೋಡಿಗಳ ಅಲೆಯ ಚಿಹ್ನೆ, ಶಕ್ತಿಯೇ ಋಣವಾಗುವುದಿಲ್ಲ). ನ್ಯೂಟ್ರಾನ್ ಪ್ರಯೋಗಗಳು ಇದಕ್ಕೆ ಬಲವಾದ ಪುರಾವೆ ಕೊಟ್ಟಿವೆ. ಆದರೂ ಇದು ಕಬ್ಬಿಣದ ಅತಿವಾಹಕಗಳ ಇಡೀ ಕುಟುಂಬಕ್ಕೆ ಹೊಂದುವ ಉತ್ತರವಲ್ಲ. ಆರ್ಸೆನಿಕ್ ಬದಲು ರಂಜಕವಿರುವ ಸಂಯುಕ್ತದಲ್ಲಿ ಅಂತರ ಕೆಲವೆಡೆ ಸೊನ್ನೆಯಾಗುವ ಸೂಚನೆಗಳಿವೆ.

ಬಿಲ್ಲೆಯಲ್ಲಿ ಸಾವಿರಾರು ಪುಟ್ಟ ಹರಳುಗಳು ದಿಕ್ಕುದಿಕ್ಕಿಗೆ ತಿರುಗಿರುತ್ತವೆ. ದಿಕ್ಕಿನ ಲೆಕ್ಕ ಬೇಕಾದರೆ ಏಕಹರಳು ಬೇಕು. ಪೂಸಾ ಬಳಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ವಿ.ಪಿ.ಎಸ್. ಅವಾನಾ ಅವರ ಗುಂಪು ಕಬ್ಬಿಣ, ಟೆಲುರಿಯಮ್, ಸೆಲೆನಿಯಮ್‌ಗಳ ದೊಡ್ಡ ಹರಳುಗಳನ್ನು ಬೆಳೆಸಿತು. (ಆ ಸಂಸ್ಥೆಯ ಮೊದಲ ನಿರ್ದೇಶಕ ಕೆ.ಎಸ್. ಕೃಷ್ಣನ್ ಹರಳುಗಳ ಕಾಂತತ್ವ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದನ್ನು ಅಳೆದು ಹೆಸರಾದವರು.) ಕಬ್ಬಿಣ–ಟೆಲುರಿಯಮ್ ಕಾಂತೀಯ, ಟೆಲುರಿಯಮ್‌ನ ಅರ್ಧದಷ್ಟು ಜಾಗಕ್ಕೆ ಸೆಲೆನಿಯಮ್ ಬಂದರೆ ಸುಮಾರು 14 ಕೆಲ್ವಿನ್‌ನಲ್ಲಿ ಅತಿವಾಹಕ.

ಈ ಹರಳುಗಳಿಗೊಂದು ಕಾಟವಿದೆ. ಪದರಗಳ ನಡುವೆ ಹೆಚ್ಚುವರಿ ಕಬ್ಬಿಣದ ಪರಮಾಣುಗಳು ನುಸುಳಿ ಪುಟ್ಟ ಕಾಂತಗಳಾಗಿ ಕೂರುತ್ತವೆ. ಪದರದೊಳಗಿನ ಕಬ್ಬಿಣ ಕಟ್ಟಿದ ಜೋಡಿಯನ್ನು ಇವು ಒಡೆಯುತ್ತವೆ, ಅಂತರದ ಅಳತೆಯನ್ನೂ ಕಲಕುತ್ತವೆ. ಆದ್ದರಿಂದ ಈ ಸಂಯುಕ್ತದ ಅಂತರದ ಬಗ್ಗೆ ಯಾವ ಪ್ರಬಂಧ ಸಿಕ್ಕರೂ ನಾನು ಮೊದಲು ಹುಡುಕುವುದು ಹರಳಿನಲ್ಲಿ ಹೆಚ್ಚುವರಿ ಕಬ್ಬಿಣ ಎಷ್ಟಿತ್ತು ಎಂಬ ಸಂಖ್ಯೆಯನ್ನು.